ಶರತ್ಕಾಲದ ಬಟ್ಟಲು

ಕಂತು ಏಳು

"ಇದು ಮುದ್ರೆ ಅಲ್ಲ," ಎಂದರು ಕ್ಯುರೇಟರ್. "ಮೊದಲು ಹಾಗಂದುಕೊಂಡೆ. ಆದರೆ ಇದರೊಳಗೆ ಅಕ್ಷರವೇ ಇಲ್ಲ. ಬರೀ ಕೆಂಪು."

ನಿಸರ್ಗಾ ಬಗ್ಗಿ ನೋಡಿದಳು. ಅಂಗೈಯಲ್ಲಿ ಕೂರುವಷ್ಟು ಚಿಕ್ಕ ಚಹಾ ಬಟ್ಟಲು. ಬಿಳಿ ಪಿಂಗಾಣಿ, ನೀಲಿ ಸೇವಂತಿಗೆ, ಅಂಚಿಗೆ ಚಿನ್ನದ ಗೆರೆ. ಹೊಟ್ಟೆಯ ಸುತ್ತ ಮೇಲಿನಿಂದ ಕೆಳಕ್ಕಿಳಿಯುವ ಚೀನೀ ಅಕ್ಷರಗಳ ಸಾಲುಗಳು. ಕೊನೆಯ ಸಾಲಿನ ಪಕ್ಕದಲ್ಲಿ ಕಡಲೆಕಾಳಿನಷ್ಟು ಕೆಂಪು ಗುರುತು, ಒಂದು ಕಡೆಗೆ ಸ್ವಲ್ಪ ಎಳೆದ ಹಾಗೆ.

ಅವಳಿಗೆ ರಾತ್ರಿ ನಿದ್ದೆ ಬಂದಿರಲಿಲ್ಲ. ಬಂದಿದ್ದರೂ ಹೆಚ್ಚು ವ್ಯತ್ಯಾಸವಾಗುತ್ತಿರಲಿಲ್ಲ.

ಮೇಜಿನ ಮೇಲೆ ಒಟ್ಟು ನಾಲ್ಕು ಬಟ್ಟಲುಗಳಿದ್ದವು. ವಸಂತ, ಬೇಸಿಗೆ, ಶರತ್ಕಾಲ, ಚಳಿಗಾಲ. ಮಿಲ್ಪಿಟಾಸಿನ ಶಿವರಾಮು ತೀರಿಕೊಂಡ ಮೇಲೆ ಮನೆಯವರು ಅವರ ಹೆಸರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಈ ಚಿಕ್ಕ ಮ್ಯೂಸಿಯಮ್ಮಿಗೆ ಕೊಟ್ಟಿದ್ದರು. ಮೂರು ಬಟ್ಟಲು ಇನ್ನೂರೈವತ್ತು ವರ್ಷ ಹಳೆಯವು. ಶರತ್ಕಾಲದ್ದು ನಕಲಿ. ಮನೆಯಿಂದ ಮ್ಯೂಸಿಯಮ್ಮಿಗೆ ಬರುವ ನಡುವೆ ಒಂಬತ್ತು ದಿನ ನಾಲ್ಕನ್ನೂ ಇಟ್ಟುಕೊಂಡು, ಅಳತೆಗೆ ತಕ್ಕ ಪೆಟ್ಟಿಗೆ ಮಾಡಿ ತಂದುಕೊಟ್ಟವನು ಜೈದ್. ಅಸಲಿಯನ್ನು ಅವನೇ ಕದ್ದು ನಕಲಿ ಇಟ್ಟ ಎಂದು ಕೇಸು.

ಸೋಮವಾರ ಕೋರ್ಟು. ಶಿಕ್ಷೆಯಾದರೆ ಗ್ರೀನ್ ಕಾರ್ಡ್ ಹೋಗುತ್ತದೆ, ಅವನನ್ನು ದೇಶದಿಂದಲೇ ಕಳಿಸುತ್ತಾರೆ. ಹೆಂಡತಿಯ ಹೆರಿಗೆಗೆ ಮೂರು ವಾರವಿದೆ. ಇವತ್ತು ಶುಕ್ರವಾರ.

ನಿಸರ್ಗಾಳನ್ನು ಗೊತ್ತುಮಾಡಿದವರು ಜೈದ್‌ನ ಅಪ್ಪ ಲತೀಫ್. ಹಳೆಯ ವಸ್ತುಗಳ ಕಳವು, ಮೋಸ ಇಂಥವನ್ನು ಪತ್ತೆಮಾಡುವ ಖಾಸಗಿ ತನಿಖೆ ಅವಳ ಕೆಲಸ.

"ನಕಲಿ ಅಂತ ನಿಮಗೆ ಹೇಗೆ ಗೊತ್ತಾಯಿತು?" ಎಂದು ಕೇಳಿದಳು.

"ಓದಿದೆ. ಅಷ್ಟೇ." ಕ್ಯುರೇಟರ್ ಬಟ್ಟಲನ್ನು ನಿಧಾನವಾಗಿ ತಿರುಗಿಸುತ್ತಾ ಒಂದೊಂದು ಸಾಲಿಗೂ ಅರ್ಥ ಹೇಳಿದರು.

ಒಲೆಯ ಮೇಲೆ ನೀರಿನ ಸದ್ದು.
ಬಾಗಿಲಲ್ಲಿ ಯಾರೂ ಇಲ್ಲ.
ಬಾಗಿಲಲ್ಲಿ ಯಾರೂ ಇಲ್ಲ.
ಅಭ್ಯಾಸದಿಂದ ಎರಡು ಬಟ್ಟಲು ಇಟ್ಟೆ.
ಚಳಿ ಎರಡನ್ನೂ ತುಂಬಿತು.

ಕಿಟಕಿಯಾಚೆ ಬಸ್ಸೊಂದು ನಿಂತು ಹೊರಟಿತು.

"ಒಂದು ಸಾಲು ಎರಡು ಸಲ ಬಂತು," ಎಂದಳು ನಿಸರ್ಗಾ ಕೊನೆಗೆ.

"ಹೌದು. ಇದು ನಾಲ್ಕೇ ಸಾಲಿನ ಪದ್ಯ. ಉಳಿದ ಮೂರು ಬಟ್ಟಲಲ್ಲೂ ನಾಲ್ಕೇ ಇವೆ. ಇದನ್ನು ಚೀನಾದ ಯಾವುದೋ ಕಾರ್ಖಾನೆಯಲ್ಲಿ ಬರೆದವನು ಬಟ್ಟಲು ನೋಡಿಲ್ಲ, ಫೋಟೋ ನೋಡಿದ್ದಾನೆ. ದುಂಡಗಿನ ವಸ್ತುವಿನ ಫೋಟೋ ನಾಲ್ಕು ಕಡೆಯಿಂದ ತೆಗೆದರೆ ಅಂಚಿನ ಸಾಲು ಎರಡರಲ್ಲೂ ಬರುತ್ತದೆ. ಅವನು ಎರಡನ್ನೂ ಬರೆದುಬಿಟ್ಟ."

"ಚೀನಾದಲ್ಲಿ ಕೂತು ಬರೆಯುವವನಿಗೆ ಓದಲು ಬರುವುದಿಲ್ಲವೇ?"

"ಬರುತ್ತದೆ. ಆದರೆ ದಿನಕ್ಕೆ ಎಪ್ಪತ್ತು ಬಟ್ಟಲು ಬರೆಯುವವನು ಓದುತ್ತಾ ಕೂರುವುದಿಲ್ಲ. ಫೋಟೋದಲ್ಲಿ ಏನಿದೆಯೋ ಅದನ್ನು ಬರೆಯುತ್ತಾನೆ."

ಫೋಟೋದಲ್ಲಿ ಏನಿದೆಯೋ ಅದು.

ನಿಸರ್ಗಾ ಮತ್ತೆ ಆ ಕೆಂಪು ಗುರುತಿನ ಮೇಲೆ ಭೂತಗನ್ನಡಿ ಹಿಡಿದಳು. ಕುಂಚದಿಂದ ಎಚ್ಚರಿಕೆಯಿಂದ ಬರೆದದ್ದು. ಆದರೆ ಬರೆದವನಿಗೆ ತಾನು ಏನನ್ನು ಬರೆಯುತ್ತಿದ್ದೇನೆಂದು ಗೊತ್ತಿರಲಿಲ್ಲ. ಮೇಲೆ ದಪ್ಪ, ಕೆಳಗೆ ಒಣಗಿದ ಬಾಲ. ಒತ್ತಿ, ತೆಗೆಯುವಾಗ ಜಾರಿದ ಬೆರಳು. ಉಂಗುರದ ಬೆರಳು.

ಅವಳು ಭೂತಗನ್ನಡಿ ಕೆಳಗಿಟ್ಟಳು.

"ಇದು ಕುಂಕುಮ," ಎಂದಳು.

ಕ್ಯುರೇಟರ್‌ಗೆ ಅರ್ಥವಾಗಲಿಲ್ಲ. ನಿಸರ್ಗಾ ಬಿಡಿಸಿ ಹೇಳಿದಳು. ನಮ್ಮ ಮನೆಗಳಲ್ಲಿ ಪೂಜೆಯ ಪಾತ್ರೆಗೆ ಬೆರಳಿನಿಂದ ಕುಂಕುಮ ಇಡುತ್ತಾರೆ. ಕುಂಕುಮವಿಟ್ಟ ಬಟ್ಟಲಿನ ಫೋಟೋ ತೆಗೆದು ಯಾರೋ ನಕಲಿಗೆ ಕಳಿಸಿದ್ದಾರೆ. ಚೀನಾದವನು ಕುಂಕುಮವನ್ನೂ ಬರೆದು ಗೂಡಿನಲ್ಲಿ ಸುಟ್ಟಿದ್ದಾನೆ.

"ಅಂದರೆ ಫೋಟೋ ತೆಗೆದದ್ದು..."

"ದೇವರ ಕೋಣೆಯಲ್ಲಿ," ಎಂದು ನಿಸರ್ಗಾ ಎದ್ದಳು. "ಜೈದ್ ಈ ಬಟ್ಟಲನ್ನು ನೋಡಿದ್ದು ಶಿವರಾಮು ಅವರ ಮನೆಯ ಗಾಜಿನ ಬೀರುವಿನಲ್ಲಿ."

*

ಮಿಲ್ಪಿಟಾಸಿನ ಟೌನ್‌ಹೌಸಿನ ಬಾಗಿಲು ತೆರೆದಾಗ ಹರ್ಷಿತಾಳ ಕಿವಿಯಲ್ಲಿ ಇಯರ್‌ಫೋನಿತ್ತು. ಶಿವರಾಮು ಅವರ ಸೊಸೆ, ಮಗ ಜಗನ್‌ನ ಹೆಂಡತಿ. ಮೂವತ್ತೆಂಟು ವರ್ಷ, ಚಿಪ್ ಕಂಪನಿಯಲ್ಲಿ ಮ್ಯಾನೇಜರು. ಒಂದು ಬೆರಳೆತ್ತಿ ನಿಲ್ಲಲು ಹೇಳಿ, "ಐ ವಿಲ್ ಡ್ರಾಪ್ ಆಫ್ ನೌ," ಎಂದು ಮೀಟಿಂಗಿನಿಂದ ಹೊರಬಂದಳು.

"ಜಗನ್ ಮನೇಲಿಲ್ಲ. ಆಫೀಸಿಗೆ ಹೋಗಿದಾರೆ. ಸಂಜೆ ಬನ್ನಿ."

"ನಿಮ್ಮನ್ನೇ ನೋಡಬೇಕಿತ್ತು."

"ನನಗೇನು ಗೊತ್ತು? ಪೊಲೀಸರಿಗೆ ಎಲ್ಲಾ ಹೇಳಿದೀವಿ. ನೀವು ಜೈದ್ ಕಡೆಯವರು. ನಿಮ್ ಜೊತೆ ಮಾತಾಡ್ಬೇಕು ಅಂತೇನಿಲ್ಲ ಅಲ್ವಾ?"

"ಇಲ್ಲ. ಆದರೆ ಇದನ್ನ ನೋಡಿ." ನಿಸರ್ಗಾ ಫೋನಿನಲ್ಲಿ ಕೆಂಪು ಗುರುತಿನ ಚಿತ್ರ ತೋರಿಸಿದಳು.

ಹರ್ಷಿತಾ ನೋಡಿದಳು. ಒಂದು ಕ್ಷಣ ಹೆಚ್ಚೇ ನೋಡಿದಳು.

"ಏನಿದು, ಡಿಸೈನಾ?"

"ಮ್ಯೂಸಿಯಮ್ಮಿನವರು ಹಾಗೇ ಕೇಳಿದ್ರು. ಅವರು ಕೇಳಬಹುದು. ನೀವು ಕೇಳಬಾರದು."

"ನೋಡಿ, ನನಗೆ ಹನ್ನೊಂದಕ್ಕೆ ಇನ್ನೊಂದು ಮೀಟಿಂಗು..."

"ಹರ್ಷಿತಾ, ಬಟ್ಟಲಿಗೆ ಕುಂಕುಮ ಇಟ್ಟಾಗ ಫೋಟೋ ತೆಗೆದಿದೀರಿ. ಯಾವಾಗ?"

"ನಾನು ಯಾಕೆ ತೆಗೀಲಿ?"

"ಮತ್ತೆ ಯಾರು? ಜಗನ್ನಾ?"

"ಜಗನ್‌ಗೆ ಏನೂ ಗೊತ್ತಿಲ್ಲ," ಎಂದು ಹರ್ಷಿತಾ ತಟ್ಟನೆ ಹೇಳಿದಳು. ಹೇಳಿದ ಮೇಲೆ ಬಾಯಿಗೆ ಕೈ ತಂದಳು.

ನಿಸರ್ಗಾ ಫೋನನ್ನು ಬ್ಯಾಗಿಗೆ ಹಾಕಿದಳು.

ಹರ್ಷಿತಾ ಮೆಟ್ಟಿಲ ಮೇಲೆ ಕೂತಳು. ದನಿ ತಗ್ಗಿಸಿದಳು.

"ಫೋಟೋ ತೆಗೆದು ಆರು ವರ್ಷ ಆಯ್ತು. ಮಾವ ಹಿಂದೆ ಬಾಡಿಗೆಗಿದ್ದ ಮನೆಯ ಓನರ್, ಚೀನಾದ ಮುದುಕಿ, ಅವರಿಗೆ ಕೊಟ್ಟಿದ್ದಂತೆ, ನಾಲ್ಕೂ. ಎಷ್ಟು ಹಳೇದು ಅಂತ ಯಾರಿಗೂ ಗೊತ್ತಿರಲಿಲ್ಲ. ನಾನು ಆನ್‌ಲೈನ್ ನೋಡಿ ಶಾಕ್ ಆದೆ. ಮೂರು ಬೀರುವಲ್ಲಿ, ಒಂದು ದೇವರ ಮುಂದೆ. ಅದರಲ್ಲಿ ಅರಿಶಿನ! ಪ್ರತಿ ಶುಕ್ರವಾರ ಮಾವನ ತಾಯಿ, ನಮ್ಮಜ್ಜಿ, ಹುಣಸೆಹಣ್ಣು ಹಾಕಿ ತಿಕ್ಕೋರು, ತಾಮ್ರದ ಚೊಂಬು ತಿಕ್ಕಿದ ಹಾಗೆ."

"ಬೇಡ ಅಂತ ಹೇಳಲಿಲ್ವಾ?"

"ಬೋರಮ್ಮಜ್ಜಿಗೆ? ನೀವೊಂದ್ಸಲ ಹೇಳಿ ನೋಡಿ."

ಅದಕ್ಕೆ ಹರ್ಷಿತಾ ಉಪಾಯ ಮಾಡಿದ್ದಳು. ಫೋಟೋ ತೆಗೆದು ಚೀನಾಕ್ಕೆ ಕಳಿಸಿ ಅಂಥದ್ದೇ ಇನ್ನೊಂದನ್ನು ತರಿಸಿದಳು. ಅಜ್ಜಿ ಡಾಕ್ಟರ ಬಳಿಗೆ ಹೋದ ದಿನ ನಕಲಿಯನ್ನು ದೇವರ ಕೋಣೆಗಿಟ್ಟು, ಅಸಲಿಯನ್ನು ತೊಳೆದು ಬೀರುವಿಗೆ ಸೇರಿಸಿದಳು.

"ಹಾಗಾದರೆ ಮ್ಯೂಸಿಯಮ್ಮಿನಲ್ಲಿರೋದು ನೀವು ತರಿಸಿದ ನಕಲಿ."

"ಹೌದು. ಅವರು ಫೋನ್ ಮಾಡಿದ ದಿನಾನೇ ದೇವರ ಕೋಣೆ ನೋಡಿದೆ. ಅಲ್ಲಿ ಸ್ಟೀಲ್ ಬಟ್ಟಲಿತ್ತು. ಆಗ ಅರ್ಥ ಆಯ್ತು. ಜೈದ್ ದೇವರ ಕೋಣೆಯಿಂದ ನಕಲಿ ತಗೊಂಡು, ಅಸಲಿ ಜಾಗದಲ್ಲಿ ಇಟ್ಟಿದಾನೆ."

"ಇದನ್ನ ಪೊಲೀಸರಿಗೆ ಹೇಳಲಿಲ್ಲ."

"ಹೇಗೆ ಹೇಳ್ಲಿ? ನಕಲಿ ತರಿಸಿದವಳು ನಾನು. ನನ್ನನ್ನೇ ಕಳ್ಳಿ ಅಂತಿದ್ರು. ಜಗನ್ ಏನಂದ್ಕೋತಿದ್ರು? ಅವರಪ್ಪನ ಹೆಸರಲ್ಲಿ ಕೊಡೋದು ಅಂತ ಎಷ್ಟು ಆಸೆಯಿಂದ..." ಅವಳು ನಿಲ್ಲಿಸಿದಳು. "ಪ್ಲೀಸ್. ಅವರಿಗೆ ಹೇಳ್ಬೇಡಿ."

ನಿಸರ್ಗಾಗೆ ಅವಳ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಈಚೆಗೆ ಯಾವುದೂ ಅಷ್ಟು ಬೇಗ ಬರುತ್ತಿರಲಿಲ್ಲ.

"ಒಬ್ಬ ಹುಡುಗ ಜೈಲಿಗೆ ಹೋಗ್ತಾನೆ, ಹರ್ಷಿತಾ."

"ಅವನೇ ತಗೊಂಡಿದ್ರೆ?"

"ತಗೊಂಡಿಲ್ಲ ಕಣವ್ವ," ಎಂದಿತು ಒಳಗಿನಿಂದ ಒಂದು ದನಿ.

*

ಬೋರಮ್ಮನಿಗೆ ಎಂಬತ್ತೇಳು. ಶಿವರಾಮು ಅವರ ತಾಯಿ, ಮಂಡ್ಯದ ಕಡೆಯವರು. ಮಗ ಸತ್ತ ಮೇಲೂ ಮೊಮ್ಮಗನ ಮನೆಯಲ್ಲೇ ಉಳಿದಿದ್ದರು. ಅಡುಗೆಮನೆಯ ಪಕ್ಕದ ಚಿಕ್ಕ ಕೋಣೆಯಲ್ಲಿ ಮಂಚದ ತುದಿಗೆ ಕೂತು, ಸಾಂಟಾ ಕ್ಲಾರಾದ ಅಂಗಡಿಯಿಂದ ತಂದ ಅವರೆಕಾಯಿ ಬಿಡಿಸುತ್ತಿದ್ದರು.

"ಅಜ್ಜಿ, ಕೇಳಿಸ್ಕೊಂಡ್ರಾ?" ಹರ್ಷಿತಾಳ ಮುಖ ಬಿಳಿಚಿತು.

"ಕಿವಿ ಚೆನ್ನಾಗೈತೆ. ನೀನು ಕದ್ದು ಮಾತಾಡೋದು ಕಲೀಬೇಕು." ಬೋರಮ್ಮ ಒಂದು ಕಾಯಿ ಬಿಡಿಸಿ ಕಾಳನ್ನು ತಟ್ಟೆಗೆ ಹಾಕಿದರು. "ಆ ಹೊಸ ಬಟ್ಲು ಇಟ್ಟೆಯಲ್ಲ, ಅವತ್ತು ಸಂಜೇನೇ ಗೊತ್ತಾಯ್ತು. ಕೈಗೆ ತಗಂಡೆ. ಭಾರ. ಅಂಚಲ್ಲಿ ಚಿನ್ನದ ಗೆರೆ ಹೊಳೀತಿತ್ತು. ನನ್ ಬಟ್ಲಲ್ಲಿ ಆ ಗೆರೆ ತಿಕ್ಕಿ ತಿಕ್ಕಿ ಒಂದೆರಡು ಚೂರು ಬಿಟ್ರೆ ಹೋಗಿ ಎಷ್ಟು ವರ್ಸ ಆಗಿತ್ತು! ಕಣ್ಣು ಮಂಜಾಗೈತೆ ಕಣವ್ವ, ಕೈ ಮಂಜಾಗಿಲ್ಲ."

"ಮತ್ತೆ?" ಎಂದಳು ನಿಸರ್ಗಾ.

"ಮತ್ತಿನ್ನೇನು. ಬೀರು ತೆಗೆದೆ, ನಂದು ತಗಂಡೆ, ಇವಳದ್ದು ಕೆಂಪು ಬೊಟ್ಟು ಹಿಂದಕ್ಕೆ ಮಾಡಿ ಅಲ್ಲಿಟ್ಟೆ."

ಹರ್ಷಿತಾ ಗೋಡೆಗೆ ಒರಗಿದಳು. "ಆರು ವರ್ಷದಿಂದ? ನನಗೆ ಒಂದು ಮಾತು ಹೇಳಲಿಲ್ಲ?"

"ಹೇಳಿದ್ರೆ ನೀನು ಇನ್ನೊಂದು ಕಡೆ ಬಚ್ಚಿಡ್ತಿದ್ದೆ."

ನಿಸರ್ಗಾಗೆ ನಗು ಬಂದಂತಾಯಿತು. ಬಹಳ ದಿನದ ಮೇಲೆ. ಅಂದರೆ ಬೀರುವಿನಲ್ಲಿದ್ದದ್ದೇ ನಕಲಿ. ಜೈದ್ ತೆಗೆದುಕೊಂಡು ಹೋದದ್ದು ನಕಲಿ, ತಂದುಕೊಟ್ಟದ್ದೂ ನಕಲಿ. ಕಳ್ಳತನವೇ ಆಗಿಲ್ಲ.

ಅವಳು ಮಂಚದ ಪಕ್ಕ ನೆಲದ ಮೇಲೆ ಕೂತಳು.

"ಅಜ್ಜಿ, ನಿಮ್ಮ ಬಟ್ಟಲು ಈಗ ಎಲ್ಲಿದೆ?"

ಬೋರಮ್ಮ ಕಾಯಿ ಬಿಡಿಸುವುದನ್ನು ನಿಲ್ಲಿಸಿದರು. ಹರ್ಷಿತಾಳನ್ನು ನೋಡಿದರು. ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಅವಳು ಅದನ್ನು ಹಿಡಿದುಕೊಂಡು ಮೇಲಿನ ಕೋಣೆಗೆ ಹೋದಳು.

"ಕೊಟ್ಟೆ," ಎಂದರು ಬೋರಮ್ಮ.

"ಯಾರಿಗೆ?"

"ಆ ಪೆಟ್ಟಿಗೆ ಮಾಡೋ ಹುಡುಗ ಬಂದಿದ್ನಲ್ಲ. ಅವನ ಹೆಂಡ್ತಿ ಕಾರಲ್ಲಿ ಕೂತಿದ್ಲು. ಬಸ್ರಿ. ಏಳು ತಿಂಗಳು. ನಮ್ ಹರ್ಷಿತಾನೂ ಆ ಹುಡುಗನೂ ಗ್ಯಾರೇಜಲ್ಲಿ ಅದೇನೋ ಕಾಗದಕ್ಕೆ ಸೈನು ಹಾಕ್ತಿದ್ರು. ನಾನು ಬಾರವ್ವ ಅಂತ ಒಳಕ್ಕೆ ಕರೆದೆ."

"ಕರೆದು?"

"ಮಡ್ಲು ತುಂಬಿದೆ." ಬೋರಮ್ಮನ ದನಿ ಸಣ್ಣದಾಯಿತು. "ಅಕ್ಕಿ, ಕೊಬ್ರಿ, ಬೆಲ್ಲ. ಬಳೆ ಇರಲಿಲ್ಲ. ಬರೀ ಅಷ್ಟೇ ಎಂಗೆ ಕೊಡದು? ಬಟ್ಲು ತೊಳೆದು ಅದ್ರಲ್ಲಿ ಸಕ್ರೆ ತುಂಬಿ ಮಡ್ಲಿಗೆ ಹಾಕ್ದೆ. ಮಗೀಗೆ ಬಜೆ ತೇದು ಹಾಕಕೆ ಇರಲಿ ಅಂದೆ."

ಬೋರಮ್ಮನ ಹಣೆ ಬರಿದಾಗಿತ್ತು, ಕೈಯೂ ಬರಿದು.

"ನನ್ನಂಥೋಳು ಮಡ್ಲು ತುಂಬಬಾರದು. ಗೊತ್ತು," ಎಂದರು ಬೋರಮ್ಮ. "ಗಂಡ ಹೋಗಿ ನಲವತ್ತು ವರ್ಸ ಆಯ್ತು. ಆದ್ರೆ ಮನೇಲಿ ಬೇರೆ ಯಾರಿದ್ರು? ಬಾಗಿಲಿಗೆ ಬಂದ ಬಸ್ರಿ ಎಂಗ್ಸನ್ನ ಬರಿಗೈಲಿ ಕಳಿಸಾದಾ?"

"ಇಲ್ಲ."

"ನಿನಗೂ ಇಲ್ಲ ಅಲ್ವಾ ಮಗಾ? ಗಂಡ."

"ಇಲ್ಲ ಅಜ್ಜಿ. ಹೋಗಿ ಮೂರು ವರ್ಷ."

ಬೋರಮ್ಮ ಅಯ್ಯೋ ಎನ್ನಲಿಲ್ಲ. ತಟ್ಟೆಯನ್ನು ಸ್ವಲ್ಪ ಈ ಕಡೆಗೆ ಸರಿಸಿದರು. ನಿಸರ್ಗಾ ಒಂದು ಅವರೆಕಾಯಿ ತೆಗೆದುಕೊಂಡಳು. ಇಬ್ಬರೂ ಸ್ವಲ್ಪ ಹೊತ್ತು ಬಿಡಿಸಿದರು.

"ಅಜ್ಜಿ, ಇದನ್ನ ಪೊಲೀಸರ ಮುಂದೆ ಹೇಳ್ತೀರಾ? ನೀವು ಹೇಳಿದರೆ ಆ ಹುಡುಗ ಉಳೀತಾನೆ."

"ಹೇಳ್ದೆ ಏನು. ಇದ್ದದ್ದನ್ನ ಹೇಳಕೆ ಏನು."

*

ಸಾಂಟಾ ಕ್ಲಾರಾದಲ್ಲಿ, ಎಲ್ ಕಮೀನೊ ರಸ್ತೆಯ ಹಿಂದಿನ ಅಪಾರ್ಟ್‌ಮೆಂಟಿನ ಎರಡನೆಯ ಮಹಡಿ. ಬಾಗಿಲು ತೆರೆದವರು ಲತೀಫ್. ಮೈಸೂರಿನಲ್ಲಿ ಮರಗೆಲಸ ಮಾಡಿಕೊಂಡಿದ್ದವರು. ಜೈದ್‌ಗೆ ಪೆಟ್ಟಿಗೆ ಮಾಡುವ ಕೈ ಅವರಿಂದಲೇ ಬಂದದ್ದು.

"ಬಾಮ್ಮಾ, ಬಾ. ಏನಾದ್ರೂ ಇದೆಯಾ?"

"ಇದೆ ಅನಿಸುತ್ತೆ. ಮರಿಯಮ್ ಎಲ್ಲಿ?"

ಜೈದ್‌ನ ಹೆಂಡತಿ ಮರಿಯಮ್ ಹೊಟ್ಟೆಗೆ ಕೈ ಆನಿಸಿಕೊಂಡು ನಿಧಾನವಾಗಿ ಹೊರಬಂದಳು. ಹಿಂದೆ ಜೈದ್. ಗಡ್ಡ ಬೆಳೆದಿತ್ತು, ಕಣ್ಣು ಗುಳಿಬಿದ್ದಿತ್ತು.

"ಮಿಲ್ಪಿಟಾಸಿನ ಅಜ್ಜಿ ನಿನಗೆ ಏನು ಕೊಟ್ಟರು ಮರಿಯಮ್?"

"ಅಕ್ಕಿ, ಬೆಲ್ಲ..." ಮರಿಯಮ್ ಯೋಚಿಸಿದಳು. "ನಾನು ಸೆರಗೊಡ್ಡೋಕೆ ದುಪಟ್ಟಾ ಹಿಡಿದೆ ಅಕ್ಕಾ, ಅವರು ನಕ್ಕುಬಿಟ್ರು. ತುಂಬಾ ಒಳ್ಳೇ ಅಜ್ಜಿ. ಒಂದು ಸಣ್ಣ ಬಟ್ಟಲು ಕೊಟ್ರು, ಸಕ್ಕರೆ ಹಾಕಿ."

"ಬಟ್ಟಲು?" ಎಂದ ಜೈದ್.

"ನಿಮಗೆ ಹೇಳಿದ್ದೆನಲ್ಲ. ಟ್ರಾಫಿಕ್‌ನಲ್ಲಿ ಹ್ಞೂಂ ಅಂದ್ರಿ."

ಅವಳು ಆಸ್ಪತ್ರೆಗೆಂದು ಕಟ್ಟಿಟ್ಟ ಸೂಟ್‌ಕೇಸ್ ತೆರೆದಳು. ಮಗುವಿನ ಟೋಪಿ, ಕಾಲುಚೀಲಗಳ ಕೆಳಗೆ, ಟವೆಲ್ಲಿನಲ್ಲಿ ಸುತ್ತಿದ ಬಟ್ಟಲು.

ನೀಲಿ ಸೇವಂತಿಗೆ. ಸವೆದ ಅಂಚು. ಅಕ್ಷರದ ಸಾಲುಗಳು ನಾಲ್ಕು.

ನಿಸರ್ಗಾ ಪರದೆ ಎಳೆದು ಕೋಣೆ ಕತ್ತಲು ಮಾಡಿದಳು. ಬ್ಯಾಗಿನಿಂದ ನೇರಳೆ ಬೆಳಕಿನ ಟಾರ್ಚು ತೆಗೆದು, ಬಟ್ಟಲನ್ನು ಬೋರಲು ಹಾಕಿ ಬೆಳಕು ಬಿಟ್ಟಳು. ಬುಡದಲ್ಲಿ ಹೊಳಪಿಲ್ಲದ ಒರಟು ಬಳೆಯಂಥ ಭಾಗ. ಅದು ನಿಂಬೆಹಳದಿಯಾಗಿ ಹೊಳೆಯಿತು. ಎಷ್ಟೋ ವರ್ಷದ ಅರಿಶಿನ ಆ ಮಣ್ಣಿನೊಳಗೆ ಇಳಿದು ಕೂತಿತ್ತು. ತೊಳೆದರೆ ಹೋಗುವಂಥದ್ದಲ್ಲ.

"ಇದೇ," ಎಂದಳು.

ಜೈದ್ ಗೋಡೆಯ ಬುಡದಲ್ಲಿ ಕುಕ್ಕರಿಸಿದ.

"ನನ್ನ ಮನೇಲೇ ಇತ್ತು," ಎಂದ. "ನಾನು ನೋಡೇ ಇಲ್ಲ ಅಂತ ಪೊಲೀಸರ ಮುಂದೆ ಆಣೆ ಮಾಡಿದೀನಿ. ನನ್ನ ಮನೇಲೇ ಇತ್ತು."

"ಬಿಸಾಕಿಬಿಡೋಣ," ಎಂದಳು ಮರಿಯಮ್. "ಅಕ್ಕಾ, ಯಾರಿಗೂ ಗೊತ್ತಾಗಲ್ಲ. ಹೋಗ್ತಾ ಎಲ್ಲಾದ್ರೂ..."

"ಬೇಡ. ಅಜ್ಜಿ ಕೊಟ್ಟೆ ಅಂತ ಹೇಳ್ತಾರೆ. ಅವರು ಹೇಳಿದ ಮೇಲೆ ಇದು ಕಳ್ಳತನ ಅಲ್ಲ, ಕೊಡುಗೆ."

"ಹೇಳೇ ಹೇಳ್ತಾರಾ?" ಎಂದು ಲತೀಫ್ ಕೇಳಿದರು. "ವಯಸ್ಸಾದವರು. ಮನೇಲಿ ಮೊಮ್ಮಗ ಇದಾನೆ."

"ನನ್ನೆದುರಿಗೆ ಹೇಳಿದ್ದಾರೆ."

ಜೈದ್‌ನ ವಕೀಲರಿಗೆ ಫೋನ್ ಮಾಡಿದಳು. ವಾಯ್ಸ್‌ಮೇಲ್. ಗಂಟೆ ಒಂದೂವರೆ. ಶುಕ್ರವಾರ ಮಧ್ಯಾಹ್ನ ದಾಟಿದರೆ ಸೋಮವಾರದವರೆಗೆ ಯಾರೂ ಸಿಗುವುದಿಲ್ಲ. ಕೇಸಿನ ತನಿಖೆಯ ಪೊಲೀಸ್ ಅಧಿಕಾರಿಗೆ ಫೋನ್ ಮಾಡಿದಳು. ವೀಕೆಂಡ್ ಆದ ಮೇಲೆ ನೋಡೋಣ ಎಂದ ಅವನು.

"ಅಸಲಿ ಬಟ್ಟಲು ಸಿಕ್ಕಿದೆ," ಎಂದಳು ನಿಸರ್ಗಾ.

"ಎಲ್ಲಿ?"

ಹೇಳಬಾರದಿತ್ತು. ಮೊದಲು ಅಜ್ಜಿಯ ಹೇಳಿಕೆ, ಆಮೇಲೆ ಬಟ್ಟಲು. ಹನ್ನೊಂದು ವರ್ಷದ ಕೆಲಸದಲ್ಲಿ ಅವಳಿಗೆ ಅದು ಗೊತ್ತಿತ್ತು. ಆದರೆ ತಲೆ ಭಾರವಾಗಿತ್ತು, ಇದು ಮುಗಿದರೆ ಸಾಕೆನಿಸಿತ್ತು.

ಅವಳು ಹೇಳಿದಳು.

"ಮೂರೂವರೆಗೆ ಮಿಲ್ಪಿಟಾಸಿಗೆ ಬರ್ತೀನಿ," ಎಂದ ಅಧಿಕಾರಿ.

*

ಅವಳು ಹೋದಾಗ ಜಗನ್ ಬಂದಾಗಿತ್ತು. ನಲವತ್ತು ದಾಟಿದ ಎತ್ತರದ ಗಂಡಸು. ಬಾಗಿಲಲ್ಲಿ ನಿಂತು ಕೈಕುಲುಕಿದ. ಸಿಟ್ಟಿರಲಿಲ್ಲ, ಸ್ನೇಹವೂ ಇರಲಿಲ್ಲ.

"ಹರ್ಷಿತಾ ಎಲ್ಲಾ ಹೇಳಿದ್ಳು," ಎಂದ. "ನಕಲಿ ವಿಷಯ. ಪರವಾಗಿಲ್ಲ, ಒಳ್ಳೇದಕ್ಕೆ ಮಾಡಿದ್ಳು."

ಹಿಂದೆ ನಿಂತಿದ್ದ ಹರ್ಷಿತಾ ನೆಲ ನೋಡುತ್ತಿದ್ದಳು.

ಹಾಲಿನಲ್ಲಿ ಬೋರಮ್ಮನನ್ನು ಸೋಫಾದ ಮೇಲೆ ಕೂರಿಸಿದ್ದರು. ಒಗೆದ ಸೀರೆ. ಅಧಿಕಾರಿ ಎದುರಿಗೆ ಕೂತು ಮೇಜಿನ ಮೇಲೆ ಫೋನಿಟ್ಟ. ಮನೆಯವರಾಗಲಿ ನಿಸರ್ಗಾ ಆಗಲಿ ಅನುವಾದ ಮಾಡುವ ಹಾಗಿರಲಿಲ್ಲ. ಎಲ್ಲೋ ದೂರದ ಊರಿಂದ ಒಬ್ಬ ಅನುವಾದಕಿ ಫೋನಿನಲ್ಲಿ ಬಂದಳು.

"ನಮಸ್ಕಾರ. ತಾವು ಸದರಿ ಬಟ್ಟಲನ್ನು ಅನ್ಯ ವ್ಯಕ್ತಿಗೆ ಹಸ್ತಾಂತರಿಸಿದ್ದೀರಾ?"

ಬೋರಮ್ಮ ಫೋನನ್ನು ನೋಡಿದರು. "ಏನಂತಾಳೆ ಇವಳು? ರೇಡಿಯೋದವಳಾ?"

ಹರ್ಷಿತಾ ಕೂಡ ನಕ್ಕಳು. ಅನುವಾದಕಿ ಗಂಟಲು ಸರಿಮಾಡಿಕೊಂಡಳು. "ಅಮ್ಮಾ, ಆ ಬಟ್ಟಲನ್ನ ಯಾರಿಗಾದ್ರೂ ಕೊಟ್ರಾ?"

ಬೋರಮ್ಮ ಅಧಿಕಾರಿಯ ಕಡೆಗೆ ತಿರುಗಿದರು.

"ಬಟ್ಲು ಸಿಕ್ರೆ ಏನು ಮಾಡ್ತಾರೆ ಅಂತ ಕೇಳವ್ವ."

ಅನುವಾದಕಿ ಕೇಳಿದಳು. ಅಧಿಕಾರಿ ಇಂಗ್ಲಿಷಿನಲ್ಲಿ ಹೇಳಿದ: ಬಟ್ಟಲು ಎಲ್ಲಿದೆಯೆಂದು ಗೊತ್ತಾಗಿದೆ. ಸಂಜೆ ಆ ಮನೆಗೆ ಹೋಗಿ ವಶಪಡಿಸಿಕೊಳ್ಳುತ್ತೇನೆ. ಯಾರಾದರೂ ಕೊಟ್ಟದ್ದಾಗಿದ್ದರೂ, ಅದು ಮ್ಯೂಸಿಯಮ್ಮಿಗೆ ಬರೆದುಕೊಟ್ಟ ವಸ್ತು, ಅಲ್ಲಿಗೆ ಹೋಗುತ್ತದೆ.

ಅದು ಕನ್ನಡಕ್ಕೆ ಬಂತು. ಬೋರಮ್ಮ ಕೇಳಿಸಿಕೊಂಡರು. ಸೆರಗಿನ ತುದಿಯನ್ನು ಎರಡು ಬೆರಳಿಗೆ ಸುತ್ತಿದರು, ಬಿಚ್ಚಿದರು.

"ಇಲ್ಲ," ಎಂದರು.

"ಏನು ಇಲ್ಲ ಅಮ್ಮಾ?"

"ನಾನು ಯಾರಿಗೂ ಏನೂ ಕೊಟ್ಟಿಲ್ಲ."

ನಿಸರ್ಗಾ ಎದ್ದು ನಿಂತಳು. "ಅಜ್ಜಿ!"

ಅಧಿಕಾರಿ ಕೈ ಎತ್ತಿ ಅವಳನ್ನು ತಡೆದ. ಅನುವಾದಕಿ ಇನ್ನೊಂದು ಸಲ ಕೇಳಿದಳು. ಗರ್ಭಿಣಿ ಯಾರಾದರೂ ಮನೆಯೊಳಗೆ ಬಂದಿದ್ದರೇ? ಬಂದಿರಲಿಲ್ಲ. ಆ ಹುಡುಗನ ಹೆಂಡತಿ ಗೊತ್ತೇ? ಗೊತ್ತಿಲ್ಲ. ಬಟ್ಟಲು ದೇವರ ಮುಂದಿಂದ ಹೇಗೆ ಹೋಯಿತು? ನನಗೇನು ಗೊತ್ತು.

ಬೋರಮ್ಮನ ದನಿ ಒಂದು ಸಲವೂ ನಡುಗಲಿಲ್ಲ.

ಅಧಿಕಾರಿ ರೆಕಾರ್ಡಿಂಗ್ ನಿಲ್ಲಿಸಿದ. ಅನುವಾದಕಿಗೆ ಥ್ಯಾಂಕ್ಸ್ ಹೇಳಿ ಫೋನಿಟ್ಟ. ಬೆಳಗ್ಗೆಯವರೆಗೆ ಜೈದ್ ಮೇಲೆ ಇದ್ದದ್ದು ಅನುಮಾನ ಮಾತ್ರ. ಈಗ ಅವನ ಮನೆಯಲ್ಲಿ, ಅವನ ಹೆಂಡತಿಯ ಸೂಟ್‌ಕೇಸಿನಲ್ಲಿ, ಬಟ್ಟಲೇ ಸಿಕ್ಕಿತ್ತು. ಅದನ್ನು ತೋರಿಸಿಕೊಟ್ಟವಳು ನಿಸರ್ಗಾ.

ಅವಳು ಸೋಫಾದ ಮುಂದೆ ಮೊಣಕಾಲೂರಿದಳು.

"ಯಾಕೆ ಅಜ್ಜಿ? ಬೆಳಗ್ಗೆ ನನ್ನೆದುರಿಗೆ ಹೇಳಿದ್ರಲ್ಲ. ಯಾರಾದ್ರೂ ಹೆದರಿಸಿದ್ರಾ?"

ಬೋರಮ್ಮ ಅವಳ ಕೆನ್ನೆ ಮುಟ್ಟಿದರು. ಬೆರಳು ತಣ್ಣಗಿತ್ತು.

"ಮಡ್ಲಿಗೆ ಹಾಕಿದ್ದನ್ನ ವಾಪಸ್ಸು ಕಿತ್ಕಬಾರದು ಮಗಾ. ಮಗೀಗೆ ಆಗಿಬರಲ್ಲ. ಅದ್ರಲ್ಲೂ ನನ್ನಂಥೋಳು ತುಂಬಿದ್ದು," ಎಂದು ಪಿಸುಗುಟ್ಟಿದರು. "ನಾನು ಕೊಟ್ಟೆ ಅಂದ್ರೆ ತಾನೆ ವಾಪಸ್ಸು ಕೇಳೋದು? ಕೊಟ್ಟೇ ಇಲ್ಲ ಅಂದ್ರೆ ಏನು ಕೇಳ್ತಾರೆ? ಹೋಗು, ಆ ಹುಡುಗಿಗೆ ಹೇಳು. ಬಟ್ಲು ಬಿಡಬೇಡ ಅಂತ ಹೇಳು."

ನಿಸರ್ಗಾ ಆ ಕೈಯನ್ನು ಹಿಡಿದುಕೊಂಡಳು.

ಬಾಗಿಲವರೆಗೆ ಹೋಗಿದ್ದ ಅಧಿಕಾರಿ ತಿರುಗಿ ನಿಂತ. ಒಂದು ಹೆಜ್ಜೆ ಹಿಂದಕ್ಕೆ ಬಂದ.

"ಈಗ ಏನು ಹೇಳಿದರು ಅವರು?" ಎಂದು ಜಗನ್‌ನನ್ನು ಕೇಳಿದ.

ಜಗನ್ ಅಜ್ಜಿಯ ಪಕ್ಕದಲ್ಲೇ ನಿಂತಿದ್ದ. ಬಟ್ಟಲು ಕೊಟ್ಟದ್ದನ್ನು ಅಜ್ಜಿ ಒಪ್ಪಿಕೊಂಡ ಒಂದೊಂದು ಮಾತೂ ಅವನ ಕಿವಿಗೆ ಬಿದ್ದಿತ್ತು. ಅವನು ನಿಸರ್ಗಾಳ ಮುಖ ನೋಡಿದ. ಆಮೇಲೆ ಅಧಿಕಾರಿಯ ಕಡೆಗೆ ತಿರುಗಿ ಇಂಗ್ಲಿಷಿನಲ್ಲಿ, ಮೆಲ್ಲಗೆ, ನಗುತ್ತಾ ಹೇಳಿದ:

"ಏನಿಲ್ಲ. ನೀವು ಕಾಫಿ ಕುಡೀತೀರಾ ಅಂತ ಕೇಳ್ತಿದ್ದಾರೆ."